ರಾತ್ರಿ ಮನೆ ಮುಂದೆ ನಿಲ್ಲುವ ಬೈಕಿಗೆ ಯಾವ ಕಾವಲು? ಬೀಗ, ಸರಪಳಿ, ಜಿಪಿಎಸ್, ಕ್ಯಾಮೆರಾ: ಹೋಲಿಕೆಯ ಮಾರ್ಗದರ್ಶಿ

ಮನೆ ಮುಂದಿನಿಂದ ಬೈಕು ಕಳುವಾಗುವ ದಾರಿಗಳು ಮುಖ್ಯವಾಗಿ ಮೂರು. ಹ್ಯಾಂಡಲ್ ಲಾಕ್ ಮುರಿದು, ಎಂಜಿನ್ ಸದ್ದಿಲ್ಲದೆ ಬೀದಿಯ ತಿರುವಿನವರೆಗೆ ತಳ್ಳಿಕೊಂಡು ಹೋಗಿ, ಅಲ್ಲಿ ಸ್ಟಾರ್ಟ್ ಮಾಡುವುದು ಮೊದಲನೆಯದು. ಇಬ್ಬರು ಮೂವರು ಸೇರಿ ಎತ್ತಿ ಗೂಡ್ಸ್ ಆಟೊದೊಳಗೆ ಇಡುವುದು ಎರಡನೆಯದು. ಕೀ ಸಿಕ್ಕಿಯೇ ಓಡಿಸಿಕೊಂಡು ಹೋಗುವುದು ಮೂರನೆಯದು: ಗಾಡಿಯಲ್ಲೇ ಮರೆತ ಕೀ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದು ಕಿಟಕಿಯಿಂದ ಕೈಗೆ ಎಟುಕಿದ ಕೀ, ಇಲ್ಲವೇ ಸವೆದ ಲಾಕಿಗೆ ಹೊಂದಿಕೊಂಡ ಇನ್ನಾವುದೋ ಗಾಡಿಯ ಕೀ.

ಅಂಗಡಿಯಲ್ಲಿ ಏನನ್ನೇ ತೋರಿಸಲಿ, ಇದು ತಳ್ಳುವುದನ್ನು ತಡೆಯುತ್ತದೆಯೇ, ಎತ್ತುವುದನ್ನು ತಡೆಯುತ್ತದೆಯೇ, ಸ್ಟಾರ್ಟ್ ಮಾಡುವುದನ್ನು ತಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ನಮ್ಮಲ್ಲಿ ಮಾರಾಟವಾಗುವ ಹೆಚ್ಚಿನ ಸಾಧನಗಳು ಮೊದಲನೆಯದನ್ನೋ ಮೂರನೆಯದನ್ನೋ ತಡೆದು, ಎರಡನೆಯದನ್ನು ಹಾಗೇ ಬಿಟ್ಟುಬಿಡುತ್ತವೆ. 100-125 ಸಿಸಿ ಬೈಕು ಇಲ್ಲವೇ ಸ್ಕೂಟರಿನ ತೂಕ 105ರಿಂದ 120 ಕಿಲೋ ಆಸುಪಾಸು. ಇಬ್ಬರು ಗಟ್ಟಿ ಆಳುಗಳಿಗೆ ಅದು ಎರಡು ಮೂಟೆ ಅಕ್ಕಿಯ ಲೆಕ್ಕ. ಹಾಗಾಗಿ ಗಾಡಿಯನ್ನು ಅಲುಗದ ಒಂದು ವಸ್ತುವಿಗೆ ಕಟ್ಟುವುದೇ ಮನೆಯ ಭದ್ರತೆಯಲ್ಲಿ ಮೊದಲ ಖರ್ಚಾಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಸೈರನ್, ಜಿಪಿಎಸ್, ಕ್ಯಾಮೆರಾ ಎಲ್ಲ ಆಮೇಲೆ.

ಹ್ಯಾಂಡಲ್ ಲಾಕ್

ಹಾಕಲೇಬೇಕು, ಆದರೆ ಅದೊಂದನ್ನೇ ನಂಬುವಂತಿಲ್ಲ. ಸ್ಟಿಯರಿಂಗ್ ಕಾಲಮ್ಮಿನ ಗುಳಿಯೊಳಗೆ ಕೂರುವ ಒಂದು ಸಣ್ಣ ಪಿನ್ನೇ ಇಲ್ಲಿ ಎಲ್ಲವನ್ನೂ ಹಿಡಿದಿರುವುದು. ಅದರ ಸುತ್ತಲಿನ ಕವಚ ಎರಕದ ಮಿಶ್ರಲೋಹ. ಹ್ಯಾಂಡಲ್ಲಿನ ಉದ್ದವೇ ಸನ್ನೆಗೋಲಾಗಿ ಕೆಲಸ ಮಾಡುವುದರಿಂದ ಜೋರಾಗಿ ಒಮ್ಮೆ ಒದ್ದರೆ ಮುರಿಯುತ್ತದೆ. ಟಕ್ ಎಂಬ ಸದ್ದಿಗಿಂತ ಹೆಚ್ಚು ಕೇಳಿಸುವುದಿಲ್ಲ. ಲಾಕ್ ಹಾಕಿದ ಮೇಲೂ ಹ್ಯಾಂಡಲ್ ಆಚೀಚೆ ಆಡುತ್ತಿದ್ದರೆ, ಅಥವಾ ಕೀಯನ್ನು ಅರ್ಧ ತಿರುಗಿಸಿದ ಸ್ಥಿತಿಯಲ್ಲೇ ಹೊರಗೆ ಎಳೆಯಲು ಆಗುತ್ತಿದ್ದರೆ ಲಾಕ್ ಸವೆದಿದೆ ಎಂದರ್ಥ. ಅಂಥ ಗಾಡಿಗೆ ಲಾಕ್ ಸೆಟ್ ಪೂರ್ತಿ ಬದಲಿಸಿ: ಇಗ್ನಿಷನ್, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಸೀಟು ಅಥವಾ ಪಕ್ಕದ ಡಬ್ಬಿಯ ಬೀಗ ಮೂರೂ ಒಂದೇ ಕೀಗೆ ಬರುತ್ತವೆ. ಇಗ್ನಿಷನ್ ಮಾತ್ರ ಬದಲಿಸಿದರೆ ಎರಡು ಕೀ ಇಟ್ಟುಕೊಳ್ಳಬೇಕಾಗುತ್ತದೆ, ಒಂದು ಕಳೆದೇ ಹೋಗುತ್ತದೆ.

ಡಿಸ್ಕ್ ಲಾಕ್

ಬೆಲೆ ಕಡಿಮೆ, ಸೀಟಿನಡಿ ಹಿಡಿಯುತ್ತದೆ, ಚಕ್ರ ತಿರುಗಲು ಬಿಡುವುದಿಲ್ಲ. ತಳ್ಳಿಕೊಂಡು ಹೋಗುವ ಕಳ್ಳನಿಗೆ ಇದು ನಿಜವಾದ ಅಡ್ಡಿ. ಎತ್ತುವವನಿಗೆ ಏನೂ ಅಲ್ಲ.

ಕೊಳ್ಳುವಾಗ ಪಿನ್ನಿನ ದಪ್ಪ ನೋಡಿ. 5.5 ಅಥವಾ 6 ಮಿ.ಮೀ ಪಿನ್ ಹೆಚ್ಚುಕಡಿಮೆ ಎಲ್ಲ ಡಿಸ್ಕಿನ ತೂತಿಗೂ ಹೋಗುತ್ತದೆ, 10 ಮಿ.ಮೀ ಪಿನ್ ಗಟ್ಟಿ, ಆದರೆ ಸಣ್ಣ ಬೈಕುಗಳ ಡಿಸ್ಕಿನಲ್ಲಿ ಅಷ್ಟು ದೊಡ್ಡ ತೂತು ಇರುವುದಿಲ್ಲ. ಮನೆಯಲ್ಲೇ ಡ್ರಿಲ್ ಬಿಟ್ಟುಗಳನ್ನು ಒಂದೊಂದಾಗಿ ತೂತಿಗೆ ತೂರಿಸಿ ಅಳೆದುಕೊಂಡು ಅಂಗಡಿಗೆ ಹೋಗಿ. ಹಾಕುವಾಗ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿದು ಬ್ರೇಕ್ ಹಾಕುವ ಭಾಗ) ಆದಷ್ಟು ಹತ್ತಿರದ ತೂತಿಗೆ ಹಾಕಿ. ದೂರ ಹಾಕಿದರೆ ಚಕ್ರ ಮುಕ್ಕಾಲು ಸುತ್ತು ತಿರುಗಿ ವೇಗ ಹಿಡಿದು ಬಂದು ಬಡಿಯುತ್ತದೆ. ಆ ಪೆಟ್ಟಿಗೆ ಅಗ್ಗದ ಪಿನ್ ಬಾಗುತ್ತದೆ. ಮುಂದೆ ಹಿಂದೆ ಎರಡೂ ಡಿಸ್ಕ್ ಇದ್ದರೆ ಮನೆಯಲ್ಲಿ ಹಿಂದಿನದಕ್ಕೆ ಹಾಕುವುದು ಲೇಸು, ಏಕೆಂದರೆ ಗಾಡಿಯ ಹೆಚ್ಚು ಭಾರ ಅಲ್ಲಿದೆ, ಹಿಂದಿನ ಚಕ್ರವನ್ನು ಎತ್ತಿ ಎಳೆಯುವುದು ಕಷ್ಟ.

ಬೆಳಿಗ್ಗೆ ಅವಸರದಲ್ಲಿ ಲಾಕ್ ತೆಗೆಯದೆ ಗಾಡಿ ಮುಂದಕ್ಕೆ ಬಿಟ್ಟರೆ ಡಿಸ್ಕ್ ಸೊಟ್ಟಗಾಗುತ್ತದೆ, ಕ್ಯಾಲಿಪರ್ ಬ್ರಾಕೆಟ್ ಬಿರುಕು ಬಿಡುತ್ತದೆ, ಸವಾರ ಬೀಳುತ್ತಾನೆ. ಲಾಕಿನಿಂದ ಹ್ಯಾಂಡಲ್ಲಿಗೆ ಕಟ್ಟುವ ಬಣ್ಣದ ಸುರುಳಿ ದಾರ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ, ಅದಿಲ್ಲದೆ ಡಿಸ್ಕ್ ಲಾಕ್ ಬಳಸಬೇಡಿ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿಗೆ ಡಿಸ್ಕ್ ಲಾಕ್ ಆಗುವುದೇ ಇಲ್ಲ. ಅಂಥವರಿಗೆ ಬ್ರೇಕ್ ಲಿವರನ್ನು ಗ್ರಿಪ್ಪಿಗೆ ಒತ್ತಿ ಹಿಡಿಯುವ ಲಾಕ್ ತೋರಿಸುತ್ತಾರೆ. ಲಿವರನ್ನೇ ಮುರಿದರೆ ಅದರ ಕೆಲಸ ಮುಗಿಯಿತು. ಆ ದುಡ್ಡನ್ನು ಸರಪಳಿಗೆ ಹಾಕಿ.

ಸೈರನ್ ಇರುವ ಡಿಸ್ಕ್ ಲಾಕ್ ಮನೆಯ ಮಟ್ಟಿಗೆ ಬೀದಿಗಿಂತ ಹೆಚ್ಚು ಉಪಯುಕ್ತ, ಒಂದು ಷರತ್ತಿನ ಮೇಲೆ: ಮಲಗುವ ಕೋಣೆಗೆ ಅದರ ಸದ್ದು ಮುಟ್ಟಬೇಕು. ಮೂರನೇ ಮಹಡಿಯಲ್ಲಿ ಕಿಟಕಿ ಮುಚ್ಚಿ ಫ್ಯಾನ್ ಹಾಕಿ ಮಲಗಿದವರಿಗೆ ಸ್ಟಿಲ್ಟ್ ಪಾರ್ಕಿಂಗಿನ ಸೈರನ್ ಕೇಳಿಸುವುದಿಲ್ಲ. ಒಮ್ಮೆ ಹಾಕಿ, ಮೇಲೆ ಹೋಗಿ, ಬಾಗಿಲು ಮುಚ್ಚಿಕೊಂಡು, ಮನೆಯವರಿಂದ ಗಾಡಿ ಅಲುಗಾಡಿಸಿ ನೋಡಿ. ಒಳಗಿನ ಗುಂಡಿ ಬ್ಯಾಟರಿಗಳು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ.

ಕೇಬಲ್ ಮತ್ತು ಸರಪಳಿ

ದಪ್ಪ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಲಾಕ್ ನೋಡಲು ಗಟ್ಟಿಯಾಗಿ ಕಾಣುತ್ತದೆ. ಹೊದಿಕೆಯೊಳಗಿನ ತಂತಿಯ ಹುರಿ ಅದರ ಅರ್ಧದಷ್ಟೂ ದಪ್ಪವಿರುವುದಿಲ್ಲ, ಒಂದು ಕೈಯ ಕಟ್ಟರಿನಲ್ಲೇ ಎಳೆ ಎಳೆಯಾಗಿ ಕತ್ತರಿಸಿಕೊಳ್ಳುತ್ತದೆ. ಹೆಲ್ಮೆಟ್ ಕಟ್ಟಲು ಇಟ್ಟುಕೊಳ್ಳಿ. ಗಾಡಿಗೆ ಬೇಡ.

ಸರಪಳಿಯಲ್ಲಿ ಎರಡು ಪ್ರಶ್ನೆ: ಕಡ್ಡಿ ಎಷ್ಟು ದಪ್ಪ, ಉಕ್ಕು ಎಂಥದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವುದು ಮೆದು ಉಕ್ಕಿನದ್ದು. ಭಾರ ಎಳೆಯಲು ಸರಿ, ಕಳ್ಳನನ್ನು ತಡೆಯಲು ಸಾಲದು. ಅಂಥ 8 ಮಿ.ಮೀ ಸರಪಳಿಯನ್ನು 24 ಇಂಚಿನ ಬೋಲ್ಟ್ ಕಟ್ಟರ್ ಒಂದೇ ಒತ್ತಿಗೆ ಕಡಿಯುತ್ತದೆ. ನಮಗೆ ಬೇಕಾದದ್ದು ಹದಗೊಳಿಸಿದ ಉಕ್ಕು, ಅಂದರೆ ಕಾಯಿಸಿ ಗಡಸು ಮಾಡಿದ್ದು. ಇವುಗಳ ಕಡ್ಡಿ ಹೆಚ್ಚಾಗಿ ಚೌಕ ಅಥವಾ ಆರು ಮೂಲೆಯದ್ದಾಗಿರುತ್ತದೆ. ಆಕಾರವನ್ನಷ್ಟೇ ನೋಡಿ ನಂಬಬೇಡಿ, ಒಂದು ಸಣ್ಣ ಅರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯವರನ್ನು ಕೇಳಿ, ಕೊನೆಯ ಕೊಂಡಿಯ ಅಂಚಿಗೆ ಎರಡು ಸಲ ಉಜ್ಜಿ. ಲೇಪನದ ಕೆಳಗೆ ಅರ ಕಚ್ಚಿ ಹೊಳೆಯುವ ಗೀರು ಮಾಡಿದರೆ ಮೆದು ಉಕ್ಕು. ಗಾಜಿನ ಮೇಲೆ ಎಳೆದಂತೆ ಜಾರಿದರೆ ಹದದ ಉಕ್ಕು.

ಹದದ ಉಕ್ಕಿನಲ್ಲೂ ದಪ್ಪ ನಿರ್ಣಾಯಕ. 8 ಮಿ.ಮೀ ಎಂದರೆ ಸಣ್ಣ ಕಟ್ಟರ್ ಹಿಡಿದು ಬಂದವನಿಗಷ್ಟೇ ಅಡ್ಡಿ. 10 ಮಿ.ಮೀಗೆ ದೊಡ್ಡ ಕಟ್ಟರ್ ಮತ್ತು ಮೈಭಾರ ಎರಡೂ ಬೇಕು. 12-13 ಮಿ.ಮೀಗೆ 36ರಿಂದ 42 ಇಂಚಿನ ಕಟ್ಟರ್ ಹಿಡಿದು ಇಬ್ಬರು ಒದ್ದಾಡಬೇಕು. 16 ಮಿ.ಮೀ ಹದದ ಸರಪಳಿಯನ್ನು ಕೈ ಕಟ್ಟರ್ ಕಡಿಯುವುದಿಲ್ಲ, ಗ್ರೈಂಡರ್ ಬೇಕು. ಬ್ಯಾಟರಿ ಗ್ರೈಂಡರಿಗೆ ಯಾವ ಸಾಮಾನ್ಯ ಸರಪಳಿಯೂ ಹೆಚ್ಚು ಹೊತ್ತು ನಿಲ್ಲದು, 10 ಮಿ.ಮೀ ಆದರೆ ಒಂದೆರಡು ನಿಮಿಷದೊಳಗೆ ಹೋಗುತ್ತದೆ. ಆದರೆ ಅದರ ಕಿರುಚಾಟಕ್ಕೆ, ಕಿಡಿಗೆ ಇಡೀ ಬೀದಿ ಏಳುತ್ತದೆ. ಸದ್ದಿಲ್ಲದೆ ಮುಗಿಸಿ ಹೋಗಲು ಬಂದವನನ್ನು ಸದ್ದು ಮಾಡಲೇಬೇಕಾದ ಸ್ಥಿತಿಗೆ ತರುವುದೇ ಸರಪಳಿಯ ಕೆಲಸ.

ತೂಕದ ಲೆಕ್ಕ: ಮೀಟರಿಗೆ 8 ಮಿ.ಮೀಗೆ ಸುಮಾರು 1.4 ಕಿಲೋ, 10 ಮಿ.ಮೀಗೆ 2.2 ಕಿಲೋ, 13 ಮಿ.ಮೀಗೆ 4 ಕಿಲೋ ಹತ್ತಿರ, 16 ಮಿ.ಮೀಗೆ 5.5 ಕಿಲೋ. ದಾರಿಯಲ್ಲಿ ಹೊತ್ತು ತಿರುಗಲು ಅಸಾಧ್ಯ ಎನಿಸುವ ಈ ತೂಕ ಮನೆಯಲ್ಲಿ ತೊಂದರೆಯೇ ಅಲ್ಲ. ಸರಪಳಿ ಅಲ್ಲೇ ಬಿದ್ದಿರುತ್ತದೆ. ಮನೆಗೆ ಕೊಳ್ಳುವವರು ಕೈಗೆ ಹಗುರವಾದದ್ದನ್ನು ಆರಿಸುವುದು ದುಡ್ಡು ದಂಡ.

ಬೀಗ ಸರಪಳಿಗೆ ತಕ್ಕದ್ದಾಗಿರಬೇಕು. 12 ಮಿ.ಮೀ ಸರಪಳಿಗೆ 6 ಮಿ.ಮೀ ಕೊಂಡಿಯ ಪೆಟ್ಟಿಗೆ ಬೀಗ ಹಾಕಿದರೆ ಕಳ್ಳ ಸರಪಳಿಯನ್ನು ಮುಟ್ಟುವುದೂ ಇಲ್ಲ. ಬೀಗದ ಕೊಂಡಿ 10 ಮಿ.ಮೀಗೆ ಕಡಿಮೆ ಇರಬಾರದು, ಅದೂ ಹದದ ಉಕ್ಕಿನದ್ದಾಗಿರಬೇಕು, ಕೊಂಡಿ ಹೊರಗೆ ಕಾಣುವಷ್ಟು ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು. ಕೊಂಡಿಯ ಎರಡೂ ಭುಜಗಳಿಗೆ ಉಕ್ಕಿನ ಗೋಡೆ ಇರುವ ಬೀಗಗಳು, ಅಂಗಡಿ ಶಟರಿಗೆ ಹಾಕುವ ದುಂಡು ಬೀಗಗಳು ಇದಕ್ಕೆ ಸರಿ. ಕಟ್ಟರಿನ ಬಾಯಿಗೆ ಹಿಡಿಯಲು ಜಾಗ ಸಿಗುವುದಿಲ್ಲ. ಹಿತ್ತಾಳೆ ಬೀಗ ತುಕ್ಕು ಹಿಡಿಯದು ನಿಜ, ಆದರೆ ಮೈ ಮೆದು. ಕೊಳ್ಳುವ ಮುಂಚೆ ಕೊಂಡಿ ಸರಪಳಿಯ ಕೊನೆಯ ಎರಡು ಕಣ್ಣುಗಳೊಳಗೆ ಒಟ್ಟಿಗೆ ಹೋಗುತ್ತದೆಯೇ ಎಂದು ಹಾಕಿ ನೋಡಿ. ಎರಡನ್ನೂ ಬೇರೆ ಬೇರೆ ಅಂಗಡಿಯಲ್ಲಿ ಕೊಂಡು ಮನೆಗೆ ಬಂದು ತಲೆ ಚಚ್ಚಿಕೊಳ್ಳುವವರು ಬಹಳ.

ಸರಪಳಿಯನ್ನು ಹಿಂದಿನ ಚಕ್ರದೊಳಗಿಂದ, ಆ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಮೇಲಿಂದ ತನ್ನಿ. ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ ಆಕ್ಸಲ್ ನಟ್ ಬಿಚ್ಚಿ ಚಕ್ರ ಬಿಟ್ಟು ಉಳಿದದ್ದನ್ನು ಒಯ್ಯಬಹುದು. ಸ್ಕೂಟರಿನಲ್ಲಿ ಹಿಂದಿನ ಚಕ್ರದ ಸುತ್ತ ಜಾಗ ಬಲು ಕಡಿಮೆ. ಮುಂದಿನ ಚಕ್ರ ಮತ್ತು ಫೋರ್ಕ್ ಎರಡನ್ನೂ ಸುತ್ತಿ ಬರುವಂತೆ ಹಾಕಿ, ಇಲ್ಲವೇ ಸೀಟಿನ ಹಿಂದಿನ ಹಿಡಿ ಚಾಸಿಗೆ ಬೋಲ್ಟ್ ಆಗಿದೆಯೇ ನೋಡಿಕೊಂಡು ಅದಕ್ಕೊಂದು ಸುತ್ತು ಸೇರಿಸಿ.

ಇನ್ನೊಂದು ವಿಷಯ, ಎಲ್ಲಕ್ಕಿಂತ ಹೆಚ್ಚಾಗಿ ಜನ ಕಡೆಗಣಿಸುವುದು: ಸರಪಳಿ ಮತ್ತು ಬೀಗ ನೆಲಕ್ಕೆ ತಾಗಬಾರದು. ನೆಲದ ಮೇಲೆ ಬಿದ್ದಿದ್ದರೆ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಒತ್ತಿ ಇನ್ನೊಂದರ ಮೇಲೆ ಮೈಭಾರ ಹಾಕಿ ಕಡಿಯಬಹುದು. ಬೀಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಬಹುದು. ಗಾಳಿಯಲ್ಲಿ ಬಿಗಿಯಾಗಿ ತೂಗುತ್ತಿದ್ದರೆ ಎರಡೂ ಕಷ್ಟ. ಅದೇ ಸರಪಳಿ, ಅದೇ ಬೀಗ. ಕಟ್ಟಿದ ರೀತಿಯಿಂದಲೇ ಬಲ ಬೇರೆ.

ಯಾವುದಕ್ಕೆ ಕಟ್ಟುವುದು?

ಇಲ್ಲಿ ಮನೆ ಮನೆಗೂ ಉತ್ತರ ಬೇರೆ.

ಅಪಾರ್ಟ್‌ಮೆಂಟಿನ ಸ್ಟಿಲ್ಟ್ ಪಾರ್ಕಿಂಗಿನಲ್ಲಿ ಕಾಂಕ್ರೀಟ್ ಕಂಬವಿದೆ, ಅದಕ್ಕಿಂತ ಗಟ್ಟಿಯಾದದ್ದು ಬೇರೆ ಬೇಕಿಲ್ಲ. ಅಡಚಣೆ ಉದ್ದದ್ದು. 9 ಇಂಚು ಅಗಲ 18 ಇಂಚು ಉದ್ದದ ಕಂಬದ ಸುತ್ತಳತೆಯೇ 137 ಸೆ.ಮೀ. ಅಂಗಡಿಯಲ್ಲಿ ಸಿಗುವ 1.2 ಮೀಟರ್ ಸರಪಳಿ ಕಂಬವನ್ನೂ ಸುತ್ತುವುದಿಲ್ಲ. ಒಂದು ತುದಿಯಲ್ಲಿ ದೊಡ್ಡ ಕಣ್ಣು ಇರುವ, ಕುಣಿಕೆಯಂತೆ ಬಿಗಿಯುವ ಸರಪಳಿ ತೆಗೆದುಕೊಂಡರೆ ಕಂಬಕ್ಕೆ 137, ಕಂಬದಿಂದ ಚಕ್ರಕ್ಕೆ 30, ಚಕ್ರ ಮತ್ತು ಸ್ವಿಂಗ್ ಆರ್ಮ್ ಸುತ್ತಲು 65 ಎಂದು ಹಿಡಿದರೂ 2.3 ಮೀಟರ್ ಬೇಕು. ನಿಮ್ಮ ಕಂಬವನ್ನು ಸಣಬಿನ ಹಗ್ಗದಿಂದ ಅಳೆದು ಆ ಹಗ್ಗವನ್ನೇ ಅಂಗಡಿಗೆ ಒಯ್ಯಿರಿ. ಕಂಬಕ್ಕೆ ಡ್ರಿಲ್ ಮಾಡಿ ಕೊಕ್ಕೆ ಹಾಕಿಸುವ ಯೋಚನೆ ಬಿಡಿ: ಕಂಬದ ಮೇಲ್ಮೈಯಿಂದ ಸುಮಾರು 40 ಮಿ.ಮೀ ಒಳಗೇ ಕಬ್ಬಿಣದ ಕಂಬಿಗಳಿವೆ, ಅವಕ್ಕೆ ಪೆಟ್ಟಾದರೆ, ತೂತಿನಿಂದ ತೇವ ಇಳಿದರೆ ಇಡೀ ಕಟ್ಟಡದ ಪ್ರಶ್ನೆ. ಸಂಘದವರು ಒಪ್ಪಲೂಬಾರದು.

ಸ್ವಂತ ಮನೆಯ ಕಾಂಪೌಂಡಿನೊಳಗೆ ನೆಲಕ್ಕೆ ಆಂಕರ್, ಅಂದರೆ ಸರಪಳಿ ಕಟ್ಟಲು ನೆಲದಲ್ಲಿ ಊರಿದ ಹಿಡಿಕೆ, ಹಾಕುವುದು ಉತ್ತಮ. ಮೊದಲು ಕೆಳಗೆ ಏನಿದೆ ಎಂದು ತಿಳಿಯಿರಿ. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಗಾಡಿ ನಿಲ್ಲಿಸುವ ಜಾಗದ ಕೆಳಗೇ ಸಂಪು ಇರುತ್ತದೆ. ಸಂಪಿನ ಮುಚ್ಚುಹಲಗೆಯ ಮೇಲೆ ಡ್ರಿಲ್ ಮಾಡಬೇಡಿ, ಅಗೆಯಲೂ ಬೇಡಿ. ನೀರಿನ ಪೈಪು, ಮೀಟರಿನಿಂದ ಬರುವ ಕೇಬಲ್ಲು ಎಲ್ಲಿ ಹಾದಿದೆ ಎಂದು ಮನೆ ಕಟ್ಟಿದ ಮೇಸ್ತ್ರಿಯನ್ನು ಕೇಳಿ.

ಬೋಲ್ಟ್ ಆಂಕರ್ ಹಾಕಲು ಕನಿಷ್ಠ 100 ಮಿ.ಮೀ ದಪ್ಪದ ಗಟ್ಟಿ ಕಾಂಕ್ರೀಟ್ ಬೇಕು. ಟೈಲ್ಸ್, ಕಡಪ ಕಲ್ಲು, ಇಂಟರ್‌ಲಾಕ್ ಪೇವರ್ ಇವುಗಳ ಮೇಲೆ ಬೋಲ್ಟ್ ಹೊಡೆದರೆ ಹಿಡಿತ ಆ ಹಾಸಿನದ್ದಷ್ಟೇ. ಪೇವರ್ ಆದರೆ ಹಾರೆಯಿಂದ ಮೀಟಿದರೆ ಕಲ್ಲು ಸಮೇತ ಬರುತ್ತದೆ. 12 ಮಿ.ಮೀ ಬೋಲ್ಟುಗಳು ನಾಲ್ಕು, ಒಳಗೆ 80ರಿಂದ 100 ಮಿ.ಮೀ ಇಳಿಯಬೇಕು, ಕಾಂಕ್ರೀಟಿನ ಅಂಚಿನಿಂದ 10 ಸೆ.ಮೀ ಆದರೂ ದೂರವಿರಬೇಕು. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಊದಿ, ಬ್ರಷ್ ಹಾಕಿ, ಮತ್ತೆ ಊದಿ ತೆಗೆಯದಿದ್ದರೆ ಬೋಲ್ಟ್ ಪುಡಿಯ ಮೇಲೆ ಕೂರುತ್ತದೆ, ಒಂದೆರಡು ತಿಂಗಳಲ್ಲಿ ಅಲುಗಾಡತೊಡಗುತ್ತದೆ. ಹೊರಗೆ ಕಾಣುವ ನಟ್ಟನ್ನು ಹಾಗೇ ಬಿಟ್ಟರೆ ಒಂದು ಸ್ಪ್ಯಾನರಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ. ನಟ್ಟಿಗೆ ವೆಲ್ಡಿಂಗ್ ಚುಕ್ಕೆ ಹಾಕಿಸಿ. ಅಲನ್ ಕೀ ಬೋಲ್ಟ್ ಆಗಿದ್ದರೆ ಅದರ ಗುಳಿಯೊಳಗೆ ಬಿಗಿಯಾಗುವ ಅಳತೆಯ ಬೇರಿಂಗ್ ಗುಂಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿ.

ನೆಲ ಪೇವರ್ ಅಥವಾ ಮಣ್ಣಿನದ್ದಾಗಿದ್ದರೆ ಗುಂಡಿ ತೋಡಿ ಕಾಂಕ್ರೀಟ್ ಹಾಕುವುದೇ ದಾರಿ, ಮತ್ತು ನಮ್ಮ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ದಾರಿಯೂ ಹೌದು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳ. ತಳವನ್ನು ಬಾಯಿಗಿಂತ ಒಂದೆರಡು ಇಂಚು ಅಗಲ ಮಾಡಿದರೆ ಎಳೆದರೂ ಮೇಲೆ ಬರುವುದಿಲ್ಲ. 1:1.5:3 ಮಿಶ್ರಣಕ್ಕೆ ಸುಮಾರು 11 ಕಿಲೋ ಸಿಮೆಂಟು, 12 ಲೀಟರ್ ಎಂ-ಸ್ಯಾಂಡ್, 24 ಲೀಟರ್ 20 ಮಿ.ಮೀ ಜಲ್ಲಿ, 5ರಿಂದ 6 ಲೀಟರ್ ನೀರು. ತಳ ಅಗಲ ಮಾಡಿದ್ದಕ್ಕೆ ಎಲ್ಲದರಲ್ಲೂ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ. ನೀರು ಹೆಚ್ಚಾದರೆ ಸುರಿಯಲು ಸುಲಭ, ಆದರೆ ಬಲ ಇಳಿಯುತ್ತದೆ. ಒಳಗೆ ಹೂಳಲು ಮನೆ ಕಟ್ಟುವ 12 ಮಿ.ಮೀ ಕಂಬಿಯನ್ನು ಬಗ್ಗಿಸಿ ಬಳಸುವವರೇ ಹೆಚ್ಚು. ಆ ಕಂಬಿ ಬಗ್ಗಲೆಂದೇ ಮಾಡಿದ್ದು, ಗಡಸಲ್ಲ. ಕಟ್ಟರಿಗೆ ಸುಲಭದ ತುತ್ತು. ಅದರ ಬದಲು ನಿಮ್ಮ ಹದದ ಸರಪಳಿಯ ಒಂದು ತುದಿಯನ್ನೇ ಹೂಳಿ: ಕೊನೆಯ ನಾಲ್ಕೈದು ಕೊಂಡಿಗಳೊಳಗೆ ಒಂದು ಅಡ್ಡ ಕಂಬಿ ತೂರಿಸಿ ಗುಂಡಿಯ ತಳದಲ್ಲಿ ಮಲಗಿಸಿ, ಮೇಲೆ ಕಾಂಕ್ರೀಟ್ ಸುರಿಯಿರಿ. ಕಡಿಯಲು ನೆಲದ ಕೊಕ್ಕೆಯೇ ಇರುವುದಿಲ್ಲ. ಹದದ ಸರಪಳಿಗೆ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಕಾದ ಜಾಗದಲ್ಲಿ ಉಕ್ಕು ಹದ ಕಳೆದುಕೊಳ್ಳುತ್ತದೆ, ಅಲ್ಲೇ ಮುರಿಯುತ್ತದೆ. ಕಾಂಕ್ರೀಟಿಗೆ ಏಳು ದಿನ ಗೋಣಿಚೀಲ ಹೊದಿಸಿ ನೀರುಣಿಸಿ, ಅಲ್ಲಿಯವರೆಗೆ ಎಳೆಯಬೇಡಿ. ಪೂರ್ತಿ ಬಲಕ್ಕೆ 28 ದಿನ.

ಬಾಡಿಗೆ ಮನೆಯವರಿಗೆ, ವಠಾರದವರಿಗೆ ನೆಲ ಅಗೆಯುವ ಹಕ್ಕಿಲ್ಲ. ಮಾಲೀಕರು ಒಪ್ಪಿದರೆ ಮೇಲಿನದನ್ನೇ ಮಾಡಿ. ಖರ್ಚು ನಿಮ್ಮದಾದರೆ ಬಹುತೇಕರು ಬೇಡ ಎನ್ನುವುದಿಲ್ಲ. ಒಪ್ಪದಿದ್ದರೆ 20 ಲೀಟರಿನ ಪೇಂಟ್ ಬಕೆಟ್ಟಿಗೆ ಸರಪಳಿಯ ತುದಿ ಇಳಿಸಿ ಕಾಂಕ್ರೀಟ್ ತುಂಬಿ. 48 ಕಿಲೋ ಆಗುತ್ತದೆ. ಅದು ಆಂಕರಿಗೆ ಸಮವಲ್ಲ, ಆದರೆ ತಳ್ಳುವುದಂತೂ ಆಗದು, ಬೈಕಿನೊಂದಿಗೆ ಸೇರಿ 150 ಕಿಲೋ ದಾಟುವುದರಿಂದ ಎತ್ತುವುದೂ ಎಡವಟ್ಟು. ಮನೆ ಬದಲಿಸುವಾಗ ಜೊತೆಗೆ ಹೋಗುತ್ತದೆ. ಅಕ್ಕಪಕ್ಕ ಇಬ್ಬರ ಗಾಡಿಗಳಿದ್ದರೆ ಎರಡನ್ನೂ ಒಂದೇ ಸರಪಳಿಗೆ ಕಟ್ಟುವುದೂ ಒಳ್ಳೆಯದೇ, ಬೆಳಿಗ್ಗೆ ಯಾರು ಮೊದಲು ಹೋಗುತ್ತಾರೆ ಎಂಬುದು ಹೊಂದಿಕೆಯಾದರೆ.

ಕಿಟಕಿಯ ಸರಳಿಗೆ ಕಟ್ಟುವುದು ಕೊನೆಯ ಆಯ್ಕೆ. 10-12 ಮಿ.ಮೀ ಮೆದು ಕಬ್ಬಿಣದ ಸರಳನ್ನು ಆಕ್ಸಾ ಬ್ಲೇಡಿನಿಂದಲೇ ಕೊಯ್ಯಬಹುದು. ಮರದ ಚೌಕಟ್ಟಿಗೆ ಸ್ಕ್ರೂ ಹಾಕಿದ ಗ್ರಿಲ್ಲಾದರೆ ಮೀಟಿಯೇ ಕೀಳಬಹುದು. ಬೈಕೂ ಹೋಗಿ ಮನೆಯ ಕಿಟಕಿಯೂ ತೆರೆದುಕೊಳ್ಳುತ್ತದೆ. ಬೀದಿಯ ವಿದ್ಯುತ್ ಕಂಬಕ್ಕಂತೂ ಕಟ್ಟಲೇಬೇಡಿ, ಮಳೆಗಾಲದಲ್ಲಿ ಜೀವದ ಪ್ರಶ್ನೆ.

ಗೇಟು ಇದ್ದವರು ಗೇಟಿನ ಬೀಗವನ್ನೇ ನಂಬಿರುತ್ತಾರೆ. ಹೆಚ್ಚಿನ ಕಬ್ಬಿಣದ ಗೇಟುಗಳು ಗೂಟದ ಮೇಲೆ ಕೂರುವ ಕೀಲಿನವು, ಇಬ್ಬರು ಮೇಲಕ್ಕೆತ್ತಿದರೆ ಬೀಗ ಹಾಕಿದ್ದಂತೆಯೇ ಕಳಚಿ ಬರುತ್ತವೆ. ಮೇಲಿನ ಕೀಲಿನ ಗೂಟದ ತುದಿಗೆ ಒಂದು ಪಟ್ಟಿ ವೆಲ್ಡ್ ಮಾಡಿಸಿದರೆ ಆ ದಾರಿ ಮುಚ್ಚುತ್ತದೆ. ಅರ್ಧ ಗಂಟೆಯ ಕೆಲಸ. ಚಿಲಕದ ಬೀಗದ ಸುತ್ತ ತಗಡಿನ ಪೆಟ್ಟಿಗೆ ಮಾಡಿಸಿ, ಕೈ ಹೋಗಬೇಕು, ಕಟ್ಟರ್ ಹೋಗಬಾರದು. ಕಾರೂ ಇದ್ದರೆ ಬೈಕನ್ನು ಒಳಗೆ ಹಾಕಿ ಕಾರನ್ನು ಅಡ್ಡ ನಿಲ್ಲಿಸಿ. ಇದಕ್ಕೆ ಖರ್ಚೇ ಇಲ್ಲ.

ಸ್ಟಾರ್ಟ್ ಆಗದಂತೆ ಮಾಡುವುದು

ಎಂಜಿನ್ ಏಳದಂತೆ ವಿದ್ಯುತ್ ಕಡಿಯುವ ಗುಟ್ಟಾದ ಕಿಲ್ ಸ್ವಿಚ್ ಅಗ್ಗದ್ದು, ಕೆಲಸಕ್ಕೂ ಬರುತ್ತದೆ. ಆದರೆ ವೈರಿಂಗ್ ಕತ್ತರಿಸಿದರೆ ಹೊಸ ಗಾಡಿಯ ವಾರಂಟಿಗೆ ತಕರಾರು ಬರುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗಳಲ್ಲಿ ಎಲ್ಲೆಂದರಲ್ಲಿ ಸ್ವಿಚ್ ಹಾಕಿದರೆ ಎಂಜಿನ್ ದೀಪ ಹತ್ತುತ್ತದೆ, ಕಂಪನಕ್ಕೆ ಸ್ವಿಚ್ಚಿನ ಸಂಪರ್ಕ ಸಡಿಲವಾದರೆ ರಸ್ತೆ ಮಧ್ಯೆ ಗಾಡಿ ನಿಂತುಬಿಡುತ್ತದೆ. ಹಾಕಿಸುವುದಾದರೆ ಬೆಸುಗೆ ಹಾಕಿ, ಹೀಟ್ ಸ್ಲೀವ್ ಹೊದಿಸಿ, ನೀರು ತಾಗದ ಜಾಗದಲ್ಲಿ ಹಾಕಿಸಿ. ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟದ್ದು ಒಂದು ಮಳೆಗಾಲ ನಿಲ್ಲುವುದಿಲ್ಲ.

ಕೆಲವು ದಿನ ಊರಿಗೆ ಹೋಗುವವರಿಗೆ ಇನ್ನೂ ಸರಳ ಉಪಾಯ, ಮುಖ್ಯ ಫ್ಯೂಸ್ ಕಿತ್ತು ಜೊತೆಗೊಯ್ಯುವುದು. ಎಫ್‌ಐ (ಫ್ಯುಯಲ್ ಇಂಜೆಕ್ಷನ್) ಗಾಡಿ ಹೆಚ್ಚಾಗಿ ಅದಿಲ್ಲದೆ ಏಳುವುದಿಲ್ಲ. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಕೆಲವು ಬ್ಯಾಟರಿ ಇಲ್ಲದೆಯೂ ಕಿಕ್ಕಿಗೆ ಏಳುತ್ತವೆ, ಅವಕ್ಕೆ ಈ ಉಪಾಯ ನಡೆಯದು. ಫ್ಯೂಸ್ ತೆಗೆದು ಒಮ್ಮೆ ಕಿಕ್ ಹೊಡೆದು ನೋಡಿದರೆ ನಿಮ್ಮದು ಯಾವ ಬಗೆ ಎಂದು ಗೊತ್ತಾಗುತ್ತದೆ. ಪೆಟ್ರೋಲ್ ಕಾಕ್ ಮುಚ್ಚುವುದರಿಂದ ಹೆಚ್ಚು ಲಾಭವಿಲ್ಲ, ಕಾರ್ಬುರೇಟರಿನೊಳಗಿನ ಪೆಟ್ರೋಲಿನಲ್ಲೇ ಗಾಡಿ ಬೀದಿ ದಾಟುತ್ತದೆ. ಬ್ಯಾಟರಿ ಬಿಚ್ಚಲು ಬರುವ ಎಲೆಕ್ಟ್ರಿಕ್ ಸ್ಕೂಟರ್ ಆಗಿದ್ದರೆ ಬ್ಯಾಟರಿ ರಾತ್ರಿ ಮನೆಯೊಳಗಿರಲಿ. ಕಳ್ಳನಿಗೆ ಅದೇ ಬೆಲೆಬಾಳುವ ಭಾಗ.

ಸೈರನ್, ಜಿಪಿಎಸ್, ಟ್ಯಾಗ್

ಗಾಡಿಗೆ ಜೋಡಿಸುವ ಸೈರನ್ನಿನ ಸಮಸ್ಯೆ ಸುಳ್ಳು ಕೂಗು. ಸೀಟಿನ ಮೇಲೆ ಹಾರುವ ಬೆಕ್ಕು, ಹಾದುಹೋಗುವ ಲಾರಿ, ಗಾಳಿಗೆ ಬಡಿಯುವ ಕವರ್ ಎಲ್ಲಕ್ಕೂ ಕೂಗುತ್ತದೆ. ಮೂರನೇ ದಿನಕ್ಕೆ ನೆರೆಯವರು ಕಿವಿಗೊಡುವುದಿಲ್ಲ. ಸೂಕ್ಷ್ಮತೆ ತಗ್ಗಿಸುವ ಆಯ್ಕೆ ಇಲ್ಲದ್ದನ್ನು ಕೊಳ್ಳಬೇಡಿ.

ಜಿಪಿಎಸ್ ಕಳ್ಳತನವನ್ನು ತಡೆಯುವುದಿಲ್ಲ, ಕಳುವಾದ ಮೇಲೆ ಹುಡುಕಲು ನೆರವಾಗುತ್ತದೆ. ಸಾಧನದ ಬೆಲೆಯ ಜೊತೆ ವರ್ಷ ವರ್ಷದ ಶುಲ್ಕ, ಸಿಮ್ ರೀಚಾರ್ಜ್ ಸೇರಿಸಿ ಲೆಕ್ಕ ಹಾಕಿ. ಅಗ್ಗದ ಟ್ರ್ಯಾಕರುಗಳಲ್ಲಿ ಹಲವು 2ಜಿ ಮಾತ್ರ. ಅವಕ್ಕೆ ಜಿಯೊ ಸಿಮ್ ಹಾಕಿದರೆ ನಡೆಯದು, ಜಿಯೊಗೆ 2ಜಿ ಜಾಲವೇ ಇಲ್ಲ. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಉಪಗ್ರಹದ ಸಂಕೇತ ಸಿಗದೆ ಕೊನೆಯ ಬಾರಿ ಕಂಡ ಜಾಗವನ್ನೇ ತೋರಿಸುತ್ತಿರುತ್ತದೆ. ಒಳಗೆ ಸ್ವಂತ ಬ್ಯಾಟರಿ ಇಲ್ಲದ ಟ್ರ್ಯಾಕರ್, ವೈರು ಕಿತ್ತ ಕ್ಷಣವೇ ಸತ್ತಂತೆ. ಕೊಳ್ಳುವ ಮುಂಚೆ ಬ್ಯಾಟರಿಯ ಲೆಕ್ಕವನ್ನೂ ನೋಡಿ: ಟ್ರ್ಯಾಕರ್ ಅಥವಾ ಸೈರನ್ ನಿದ್ದೆಯಲ್ಲೂ 5 ಮಿಲಿ ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ದಿನಕ್ಕೆ 0.12, ತಿಂಗಳಿಗೆ 3.6 ಆಂಪಿಯರ್ ಅವರ್. ಸಣ್ಣ ಬೈಕಿನ ಬ್ಯಾಟರಿಯೇ 3ರಿಂದ 5 ಆಂಪಿಯರ್ ಅವರಿನದ್ದು. ದಿನವೂ ಓಡಿಸುವ ಗಾಡಿಗೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಜಿಪಿಎಸ್ ಹಾಕಿಸಿದರೆ ಊರಿಂದ ಬಂದಾಗ ಬ್ಯಾಟರಿ ಸತ್ತಿರುತ್ತದೆ, ಜೊತೆಗೆ ಟ್ರ್ಯಾಕರೂ.

ಏರ್‌ಟ್ಯಾಗ್ ಥರದ ಬ್ಲೂಟೂತ್ ಟ್ಯಾಗಿಗೆ ಸಿಮ್ ಬೇಡ, ಒಂದು ಗುಂಡಿ ಬ್ಯಾಟರಿ ಸುಮಾರು ವರ್ಷ ಬರುತ್ತದೆ. ಆದರೆ ಅದು ಸುತ್ತಲಿನ ಫೋನುಗಳನ್ನು ನಂಬಿ ಕೆಲಸ ಮಾಡುವುದು. ಐಫೋನ್ ವಿರಳವಾದ ಊರಿನಲ್ಲಿ ಏರ್‌ಟ್ಯಾಗಿಗೆ ದಾರಿ ತೋರುವವರೇ ಇರುವುದಿಲ್ಲ. ಅಪರಿಚಿತ ಟ್ಯಾಗೊಂದು ಜೊತೆಗೆ ಚಲಿಸುತ್ತಿದೆ ಎಂದು ಕಳ್ಳನ ಫೋನಿಗೂ ಸೂಚನೆ ಹೋಗುತ್ತದೆ.

ಕ್ಯಾಮೆರಾ ಮತ್ತು ಬೆಳಕು

ಎಂಟು ಹತ್ತು ಅಡಿ ಎತ್ತರದಲ್ಲಿ, ಗೇಟಿನಿಂದ ಒಳಬರುವವರ ಮುಖ ಕಾಣುವ ಕೋನದಲ್ಲಿ ಹಾಕಿ. ಹದಿನೈದು ಅಡಿ ಮೇಲಿಟ್ಟರೆ ಟೋಪಿ ಮಾತ್ರ ದಾಖಲಾಗುತ್ತದೆ. 2 ಎಂಬಿಪಿಎಸ್ ವೇಗದಲ್ಲಿ ಒಂದು ಕ್ಯಾಮೆರಾ ದಿನಕ್ಕೆ 21-22 ಜಿಬಿ ತಿನ್ನುತ್ತದೆ. 128 ಜಿಬಿ ಕಾರ್ಡ್ ಆರನೇ ದಿನಕ್ಕೆ ತುಂಬಿ ಹಳೆಯದನ್ನು ಅಳಿಸುತ್ತದೆ. ಊರಿಗೆ ಹತ್ತು ದಿನ ಹೋಗುವ ಮನೆಯವರಿಗೆ ಅದು ಸಾಲದು. ಕರೆಂಟ್ ಹೋದಾಗ ಕ್ಯಾಮೆರಾ, ವೈಫೈ ರೂಟರ್ ಎರಡೂ ಯುಪಿಎಸ್ ಮೇಲೆ ಇರಬೇಕು, ಒಂದನ್ನು ಮರೆತರೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ.

ಮನುಷ್ಯ ಬಂದಾಗ ಹತ್ತುವ ಸೆನ್ಸರ್ ದೀಪ, 10ರಿಂದ 20 ವಾಟಿನ ಎಲ್‌ಇಡಿ, ಕ್ಯಾಮೆರಾಕ್ಕಿಂತ ಅಗ್ಗ, ನಮ್ಮ ಎಣಿಕೆಯಲ್ಲಿ ಕ್ಯಾಮೆರಾಕ್ಕಿಂತ ಮೊದಲು ಹಾಕಬೇಕಾದದ್ದು. ಕತ್ತಲೆ ಬೇಕಾದವನಿಗೆ ಬೆಳಕೇ ಮೊದಲ ಅಡ್ಡಿ.

ಗಾಡಿಯ ಕವರ್ ಯಾವ ಮಾಡೆಲ್ ಎಂದು ಮರೆಮಾಡುತ್ತದೆ, ಅಷ್ಟೇ. ನೀರು ನಿಲ್ಲುವ ಅಗ್ಗದ ಕವರಿನಡಿ ತುಕ್ಕು ಬೇಗ ಹಿಡಿಯುತ್ತದೆ, ಇಲಿಗಳೂ ಸೇರಿ ವೈರು ಕಡಿಯುತ್ತವೆ.

ಎಷ್ಟು ದುಡ್ಡಿಗೆ ಯಾವುದು?

ಒಂದು ಸಾವಿರ ರೂಪಾಯಿ ಆಸುಪಾಸು ಮಾತ್ರ ಇದ್ದರೆ: ಡಿಸ್ಕ್ ಲಾಕ್, ನೆನಪಿನ ದಾರ, ಒಂದು ಸೆನ್ಸರ್ ದೀಪ. ಮೂರು ನಾಲ್ಕು ಸಾವಿರವಾದರೆ ಡಿಸ್ಕ್ ಲಾಕ್ ಬಿಟ್ಟು 10 ಮಿ.ಮೀ ಹದದ ಸರಪಳಿ, ಮುಚ್ಚಿದ ಕೊಂಡಿಯ ಬೀಗ, ಕಂಬ ಅಥವಾ ಕಾಂಕ್ರೀಟ್ ಗುಂಡಿ. ಇದು ಹೆಚ್ಚಿನ ಮನೆಗಳಿಗೆ ಸಾಕು. ಎರಡು ಲಕ್ಷ ದಾಟಿದ ಗಾಡಿಗೆ 13 ಅಥವಾ 16 ಮಿ.ಮೀ ಸರಪಳಿ, ಜೊತೆಗೆ ಸೈರನ್ ಡಿಸ್ಕ್ ಲಾಕ್, ಒಳಬ್ಯಾಟರಿ ಇರುವ 4ಜಿ ಜಿಪಿಎಸ್. ಐದು ಸಾವಿರದ ಜಿಪಿಎಸ್ ಹಾಕಿಸಿ ಹ್ಯಾಂಡಲ್ ಲಾಕ್ ಮಾತ್ರ ಹಾಕಿ ಮಲಗುವುದು ನಾವು ಯಾರಿಗೂ ಹೇಳದ ಆಯ್ಕೆ.

ಬೀಗಕ್ಕೆ ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಅಂಟಿ ಒಳಗೆ ಗಟ್ಟಿಯಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಅಥವಾ ಸಿಲಿಕೋನ್ ಸ್ಪ್ರೇ ಸಾಕು, ಕೀ ತೂತು ಕೆಳಮುಖವಾಗಿರಲಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಸರಪಳಿಯ ಬಟ್ಟೆಯ ಚೀಲದೊಳಗೆ ತೇವ ನಿಂತು ಕೊಂಡಿಗಳು ಕಾಣದಂತೆ ತುಕ್ಕು ಹಿಡಿಯುತ್ತವೆ. ಮಳೆಗಾಲ ಮುಗಿದ ಮೇಲೆ ಚೀಲ ಸರಿಸಿ ನೋಡಿ, ಒಣಗಿಸಿ.

ವಿಮೆ

ಇದನ್ನು ಬೀಗದಷ್ಟೇ ಗಂಭೀರವಾಗಿ ನೋಡಬೇಕು, ಏಕೆಂದರೆ ಅತಿ ದೊಡ್ಡ ತಪ್ಪು ತಿಳಿವಳಿಕೆ ಇಲ್ಲಿದೆ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಹಾಗಾಗಿ ಕಾಗದದಲ್ಲಿ ಐದು ವರ್ಷ ಎಂದು ಕಂಡು ಜನ ನಿಶ್ಚಿಂತೆಯಿಂದಿರುತ್ತಾರೆ. ಥರ್ಡ್ ಪಾರ್ಟಿ ವಿಮೆ ಕಳ್ಳತನಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಕಳುವಿನ ಪರಿಹಾರ ಬರುವುದು ನಿಮ್ಮ ಗಾಡಿಯ ನಷ್ಟಕ್ಕೆ ಇರುವ ಓನ್ ಡ್ಯಾಮೇಜ್ ಭಾಗದಿಂದ, ಅದು ಅನೇಕ ಪಾಲಿಸಿಗಳಲ್ಲಿ ಮೊದಲ ವರ್ಷಕ್ಕೇ ಮುಗಿದಿರುತ್ತದೆ. ಪಾಲಿಸಿ ತೆಗೆದು ಎರಡೂ ದಿನಾಂಕ ನೋಡಿ. ಮುಗಿದಿದ್ದರೆ ಓನ್ ಡ್ಯಾಮೇಜ್ ಭಾಗವನ್ನಷ್ಟೇ ಬೇರೆಯಾಗಿ ಕೊಳ್ಳಬಹುದು.

ಸಿಗುವ ಹಣ ಐಡಿವಿ (ಸವಕಳಿ ಕಳೆದು ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ) ಲೆಕ್ಕದ್ದು: ಆರು ತಿಂಗಳೊಳಗೆ 5%, ವರ್ಷದೊಳಗೆ 15%, ಎರಡನೇ ವರ್ಷ 20%, ಮೂರನೇ ವರ್ಷ 30%, ನಾಲ್ಕನೇ ವರ್ಷ 40%, ಐದನೇ ವರ್ಷ 50% ಸವಕಳಿ. ಒಂದು ಲಕ್ಷದ ಗಾಡಿ ನಾಲ್ಕನೇ ವರ್ಷದಲ್ಲಿ ಕಳುವಾದರೆ 60,000 ಆಸುಪಾಸು. ಪ್ರೀಮಿಯಂ ಉಳಿಸಲು ಐಡಿವಿ ಇಳಿಸಿಕೊಂಡಿದ್ದರೆ ಇನ್ನೂ ಕಡಿಮೆ. ಹೊಸ ಗಾಡಿಗೆ ರಿಟರ್ನ್ ಟು ಇನ್‌ವಾಯ್ಸ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಂಡರೆ ಆ ಅಂತರ ತುಂಬುತ್ತದೆ.

ಕಳುವಾಗಿದೆ ಎಂದು ತಿಳಿದ ಕೂಡಲೇ 112ಕ್ಕೆ ಕರೆ ಮಾಡಿ, ಅದೇ ದಿನ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ಅದರ ಪ್ರತಿ ಉಚಿತ. ವಿಮಾ ಕಂಪನಿಗೂ ಅಂದೇ ತಿಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಎಫ್‌ಐಆರ್ ತಡಮಾಡದೆ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತು ಎಂಬ ಒಂದೇ ಕಾರಣಕ್ಕೆ ಕಳುವಿನ ಕ್ಲೇಮನ್ನು ತಳ್ಳಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ, ಆದರೂ ಆ ವಾದಕ್ಕೆ ಆಸ್ಪದ ಕೊಡಬೇಡಿ. ಆರ್‌ಟಿಒಗೆ ಲಿಖಿತವಾಗಿ ತಿಳಿಸಿದರೆ ಗಾಡಿ ಬೇರೆಯವರ ಹೆಸರಿಗೆ ವರ್ಗವಾಗುವುದನ್ನು ತಡೆಯಬಹುದು. ಗಾಡಿ ಸಿಗದಿದ್ದರೆ ಪತ್ತೆಯಾಗಲಿಲ್ಲ ಎಂದು ಪೊಲೀಸರು ಸಲ್ಲಿಸುವ 'ಸಿ' ರಿಪೋರ್ಟ್ ಬಂದ ಮೇಲೆಯೇ ಕ್ಲೇಮ್ ಪೂರ್ತಿಯಾಗುವುದು. ಸಾಲ ಬಾಕಿ ಇದ್ದರೆ ಹಣ ಮೊದಲು ಸಾಲ ಕೊಟ್ಟವರಿಗೆ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಗುರುತಿಗೆ ಬರುವ ಗೀರುಗಳ ಫೋಟೊ ಈಗಲೇ ತೆಗೆದು ಫೋನಿನ ಹೊರಗೆ ಇನ್ನೊಂದು ಕಡೆ ಉಳಿಸಿ.

ಕಂಪನಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದನ್ನಷ್ಟೇ ಕೊಟ್ಟರೆ ಗಾಡಿಯಲ್ಲೇ ಕೀ ಬಿಟ್ಟಿದ್ದೀರಿ ಎಂಬ ಅನುಮಾನಕ್ಕೆ ಎಡೆಯಾಗಿ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನೇ ಕೀಯನ್ನು ಆರ್‌ಸಿ, ಪಾಲಿಸಿಯ ಜೊತೆ ಬೀರುವಿನಲ್ಲಿಡಿ, ಗಾಡಿಯ ಡಬ್ಬಿಯಲ್ಲಲ್ಲ. ಒಂದು ಈಗಾಗಲೇ ಕಳೆದಿದ್ದರೆ ಕಳೆದ ಬಗ್ಗೆ ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಲಾಕ್ ಸೆಟ್ ಬದಲಿಸಿ, ಆ ಬಿಲ್ಲನ್ನು ಸ್ವೀಕೃತಿಯ ಜೊತೆಯಲ್ಲೇ ಪಿನ್ ಹಾಕಿ ಇಟ್ಟುಕೊಳ್ಳಿ.